ಜಾವಾ ಎಂಜಿನ್ ಬದಲಿಸುವ ಮುಂಚೆ ಕೇಸ್ ಬಿಚ್ಚಿ ನೋಡಿ

ನಿಮ್ಮ ಗಾಡಿ 1970ರ ಜಾವಾ 250. ಬಿಳಿ ಹೊಗೆ, ಏರಿನಲ್ಲಿ ಎಳೆತವಿಲ್ಲ, ಕೆಳಗಿನಿಂದ ಕಟಕಟ ಸದ್ದು. ಮೆಕ್ಯಾನಿಕ್ ಬೇರೆ ಎಂಜಿನ್ ಕೂರಿಸೋಣ ಎನ್ನುತ್ತಿದ್ದಾರೆ, ಇರುವುದನ್ನೇ ರಿಪೇರಿ ಮಾಡಿಸುವುದೋ ಬದಲಿಸುವುದೋ ಎಂದು ಕೇಳಿದ್ದೀರಿ.

ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕನ್ನೂ ಗೇರುಗಳನ್ನೂ ಹೊತ್ತ ಎಂಜಿನ್ನಿನ ಕೆಳಗಿನ ಕವಚ, ಗಟ್ಟಿಯಿದ್ದರೆ ಇರುವುದನ್ನೇ ಕಟ್ಟಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ‘ರೆಡಿ ಎಂಜಿನ್’ ಎಂದು ಸಿಗುವುದು ಗುಜರಿಗೆ ಹೋದ ಯಾವುದೋ ಗಾಡಿಯದು. ಅದನ್ನೂ ಬಿಚ್ಚಿ ಸೀಲು, ಬೇರಿಂಗು, ಬೋರು ನೋಡದೆ ಕೂರಿಸುವಂತಿಲ್ಲ. ಕೂಲಿ ಅಷ್ಟೇ ಬೀಳುತ್ತದೆ, ಎಂಜಿನ್ನಿನ ಬೆಲೆ ಅದರ ಮೇಲೆ.

ಹೊಗೆ ನೋಡಿ ಹೆದರಬೇಡಿ. ಗೇರ್‌ಬಾಕ್ಸ್ ಆಯಿಲ್ ಅಳತೆ ಮಾಡಿ ಹಾಕಿ, ಇನ್ನೂರು ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ ಅಳೆಯಿರಿ. ಹೊರಗೆ ಎಲ್ಲೂ ಸೋರದೆ ಆಯಿಲ್ ಕಡಿಮೆಯಾಗಿದ್ದರೆ ಕ್ಲಚ್ ಕಡೆಯ, ಅಂದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ಆಯಿಲ್, ಗಾಳಿ ಒಳಗೆ ನುಗ್ಗದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ. ಆ ಆಯಿಲ್ ಒಳಕ್ಕೆ ಎಳೆದುಕೊಂಡು ಸುಡುತ್ತಿದೆ, ಬಿಳಿ ಹೊಗೆ ಅದರದೇ. ಬಲಗಡೆ, ಡೈನಮೋ ಹಿಂದಿನ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಆದರೆ ಅದು ಇನ್ನೂ ಅಪಾಯ. ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಥ್ರಾಟಲ್ ಬಿಟ್ಟರೂ ಎಂಜಿನ್ ರೇಸ್ ಆಗುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಎರಡು ಸೀಲುಗಳಿಗೋಸ್ಕರ ಎಂಜಿನ್ ಎಸೆಯುವವರಿದ್ದಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೊದಲು ಹೆಡ್ಡು, ಸಿಲಿಂಡರ್ ಮಾತ್ರ ತೆಗೆಸಿ. ಸ್ಟ್ಯಾಂಡರ್ಡ್ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಪಿಸ್ಟನ್ ತಲೆಯ ಮೇಲೆ 25, 50, 75 ಎಂದೇನಾದರೂ ಕೆತ್ತಿದೆಯೇ ನೋಡಿ. ಹಿಂದೆ ಕೊರೆದು ಎಷ್ಟು ಹಿಗ್ಗಿಸಿದ್ದಾರೆ, ಅಂದರೆ ಎಷ್ಟು ಓವರ್‌ಸೈಜ್ ಆಗಿದೆ ಎಂದು ಮಿ.ಮೀ.ನ ನೂರನೇ ಭಾಗದ ಲೆಕ್ಕದಲ್ಲಿ ಅದು ಹೇಳುತ್ತದೆ. ರಿಂಗನ್ನು ಸಿಲಿಂಡರ್‌ಗೆ ಹಾಕಿ, ಪಿಸ್ಟನ್ ತಲೆಯಿಂದಲೇ ನೇರವಾಗಿ ಒಳಗೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಹೊಸದರಲ್ಲಿ 0.25 ಮಿ.ಮೀ. ಆಸುಪಾಸು ಇರಬೇಕು, 0.8 ದಾಟಿದ್ದರೆ ರಿಂಗೋ ಬೋರೋ ಸವೆದಿದೆ. ಆಗ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಸಿ. 0.1 ಮಿ.ಮೀ. ವ್ಯತ್ಯಾಸ ಬಂದರೆ ಬೋರ್ ಮಾಡಿಸಲೇಬೇಕು, ಹೊಸ ರಿಂಗ್ ಹಾಕಿ ತೇಪೆ ಹಚ್ಚುವುದು ಬೇಡ. ಕೊನೆಯ ಓವರ್‌ಸೈಜೂ ಮುಗಿದಿದ್ದರೆ ಒಳಗೆ ಹೊಸ ಲೈನರ್ (ಕೊಳವೆ) ಹಾಕಿಸಿ ಮತ್ತೆ 65ಕ್ಕೆ ತರಬಹುದು.

ಲೇತ್ ಶಾಪಿಗೆ ಸಿಲಿಂಡರ್ ಒಂದನ್ನೇ ಕಳಿಸಬೇಡಿ. ಪಿಸ್ಟನ್ ಮೊದಲು ಕೊಂಡು, ಕೈಗೆ ಕೊಟ್ಟು, ಅದನ್ನು ಅಳೆದೇ ಬೋರ್ ಮಾಡಲಿ. ಬೀಡು ಕಬ್ಬಿಣದ ಈ ಸಿಲಿಂಡರ್‌ಗೂ ಪಿಸ್ಟನ್ನಿಗೂ ನಡುವೆ 0.06ರಿಂದ 0.07 ಮಿ.ಮೀ. ಸಂದು ಬಿಡಿಸಿ. ಬೋರ್ ಆದಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಬ್ಲೇಡಿನಂತೆ ಚೂಪಾಗಿರುತ್ತದೆ, ಬೆರಳು ಸವರಿದರೆ ಗೀರುತ್ತದೆ. ಆ ಅಂಚನ್ನು ಸಣ್ಣ ಅರದಿಂದ ಓರೆಯಾಗಿ ಮುರಿದು, ವಾಟರ್ ಪೇಪರಿನಲ್ಲಿ ನುಣುಪು ಮಾಡಬೇಕು. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ. ಬಿಟ್ಟರೆ ರಿಂಗ್ ಪೋರ್ಟಿಗೆ ಸಿಕ್ಕಿ ಮುರಿದು, ಹೊಸ ಬೋರು ಒಂದೇ ದಿನದಲ್ಲಿ ಹಾಳಾಗುತ್ತದೆ. ರಿಂಗಿನ ಎರಡೂ ತುದಿ ಪಿಸ್ಟನ್ನಿನ ಚಿಕ್ಕ ಪಿನ್ನಿಗೆ ಸರಿಯಾಗಿ ಕೂತಿವೆಯೇ ಎಂದು ಸಿಲಿಂಡರ್ ಇಳಿಸುವಾಗ ಇಣುಕಿ ನೋಡಿ.

ಇನ್ನು ಕಟಕಟ ಸದ್ದು. ಕನೆಕ್ಟಿಂಗ್ ರಾಡನ್ನು ತೀರಾ ಮೇಲಕ್ಕೆ ತಂದು ಮೇಲೆ ಕೆಳಗೆ ಎಳೆದು ಒತ್ತಿ. ಅಕ್ಕಪಕ್ಕ ಅಲ್ಪಸ್ವಲ್ಪ ಅಲುಗಾಡುವುದು ಸಹಜ, ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಟ ಇರಬಾರದು. ಇದ್ದರೆ ರಾಡ್ ಕಿಟ್, ಅಂದರೆ ಹೊಸ ರಾಡು, ಪಿನ್ನು, ಬೇರಿಂಗು ಹಾಕಿಸಬೇಕು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಜೋಡಿಸಿದಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ತೋರಿಸಲು ಹೇಳಿ; ತಿರುಗುವಾಗ ಶಾಫ್ಟ್ 0.03 ಮಿ.ಮೀ.ಗಿಂತ ಹೆಚ್ಚು ಸೊಟ್ಟ ಓಡಿದರೆ ಎಂಜಿನ್ ನಡುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಕ್ರ್ಯಾಂಕಿನಲ್ಲಿ ರಾಡಿನ ಪಿನ್ ಕೂರುವ ತೂತು ಸಡಿಲವಾಗಿ, ಹಿಂದೆ ಯಾರೋ ವೆಲ್ಡಿಂಗ್ ಚುಕ್ಕೆ ಇಟ್ಟಿದ್ದರೆ ಆ ಕ್ರ್ಯಾಂಕ್ ಮುಗಿಯಿತು. ಬೇರೆ ಕ್ರ್ಯಾಂಕ್ ಹುಡುಕಿ, ಎಂಜಿನ್ ಬದಲಿಸಬೇಕಿಲ್ಲ.

ತೀರ್ಮಾನ ಆಗುವುದು ಕೇಸಿನಲ್ಲಿ. ಕೇಸನ್ನು 100 ಡಿಗ್ರಿ ಆಸುಪಾಸು ಬಿಸಿ ಮಾಡಿದಾಗ ಬೇರಿಂಗ್ ತನ್ನ ಸೀಟಿಗೆ ಜಾರಿ ಕೂರಬೇಕು, ತಣ್ಣಗಾದಮೇಲೆ ಅಲುಗಬಾರದು. ತಣ್ಣಗಿರುವಾಗಲೇ ಕೈಯಲ್ಲಿ ಒಳಗೆ ಬಿದ್ದರೆ ಸೀಟ್ ಸವೆದಿದೆ. ಸುತ್ತ ಪಂಚ್ ಹೊಡೆದು ಬಿಗಿ ಮಾಡುವುದನ್ನು ಒಪ್ಪಬೇಡಿ, ಕೆಲವೇ ತಿಂಗಳಲ್ಲಿ ಮತ್ತೆ ತಿರುಗುತ್ತದೆ. ಒಳ್ಳೆಯ ಲೇತಿನಲ್ಲಿ ಬುಶ್ ಹಾಕಿಸಬಹುದು. ಚೈನ್ ತುಂಡಾಗಿ ಬಡಿದ ಬಿರುಕಿದ್ದರೆ ಆರ್ಗನ್ ವೆಲ್ಡಿಂಗ್ ಮಾಡಿಸಿದರೆ ತಾಳುತ್ತದೆ. ಬಿರುಕು ಬೇರಿಂಗ್ ಸೀಟಿನ ಮೂಲಕ ಹಾದಿದ್ದರೆ ಮಾತ್ರ ಆ ಕೇಸ್ ಕೈಬಿಡಿ. ಆಗಲೂ ಒಂದು ಕಡೆಯ ಕೇಸ್ ಮಾತ್ರ ತರಬೇಡಿ: ಎರಡು ಹೋಳುಗಳನ್ನು ಕೂಡಿಸಿಯೇ ಬೋರ್ ಮಾಡಿರುತ್ತಾರೆ, ಬೇರೆ ಬೇರೆ ಜೋಡಿಯವು ಒಂದೇ ಗೆರೆಗೆ ಬರುವುದಿಲ್ಲ.

ಕಟ್ಟಿಸಿದ ಎಂಜಿನ್‌ಗೆ ಮೊದಲ ಸಾವಿರ ಕಿಲೋಮೀಟರ್ ಪ್ರತಿ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟು-ಟಿ (ಟು-ಸ್ಟ್ರೋಕ್) ಆಯಿಲ್ ಹಾಕಿ, ನಂತರ 40. ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದಮೇಲೆ ಹೆಡ್ ನಟ್‌ಗಳನ್ನು ಅಡ್ಡಡ್ಡ ಮೂಲೆಯ ಕ್ರಮದಲ್ಲಿ ಮತ್ತೆ ಬಿಗಿ ಮಾಡಿ.

ಕಾಗದದ ವಿಷಯವೂ ಇದೆ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ. ಬೇರೆ ಎಂಜಿನ್ ಹಾಕಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. 2021ರ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ, ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ನಿಮ್ಮದು ಆ ವಯಸ್ಸು ದಾಟಿದೆ. ಕೇಸ್ ನಿಜವಾಗಿಯೂ ಹೋಗಿ ಬೇರೆ ಎಂಜಿನ್ ಕೊಳ್ಳಲೇಬೇಕಾದರೆ, ಅದು ಯಾವ ಗಾಡಿಯದೋ ಆ ಆರ್‌ಸಿಯ ಪ್ರತಿ ಕೇಳಿ ಪಡೆಯಿರಿ. ನಂಬರ್ ಕೆತ್ತಿದ ಜಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಅರ ಹಾಕಿ ಉಜ್ಜಿ ಹೊಸದಾಗಿ ಪಂಚ್ ಮಾಡಿದ ಗುರುತು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.