ಸರ್ಪಸುತ್ತಿಗೆ ಮುಲಾಮು ಸಾಲದೇ, ದಿನಕ್ಕೆ ಐದು ಮಾತ್ರೆ ಬೇಕೇ?

ಮಾತ್ರೆ ಹೀಟು, ಅಮ್ಮನಿಗೆ ಮುಲಾಮಷ್ಟೇ ಹಚ್ಚಿದರೆ ಆಗದೇ ಅಂತ ಕೇಳಿದ್ದೀರಿ. ಆಗಲ್ಲ. ನಾನು ಮುಲಾಮು ಹಚ್ಚಿಕೊಂಡೇ ಕೆಟ್ಟವಳು.

ನಮ್ಮದು ಶಿರಸಿ ಕಡೆ. ಅಡಿಕೆ ಸುಲಿಯುವ ಸಮಯ. ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಪಕ್ಕೆ ಹಿಡಿದಿದೆ ಅಂದುಕೊಂಡು ಎಣ್ಣೆ ತಿಕ್ಕಿದೆ. ಆಮೇಲೆ ನೋಡಿದರೆ ಬೆನ್ನಿಂದ ಪಕ್ಕೆವರೆಗೆ ಸಾಲಾಗಿ ನೀರುಗುಳ್ಳೆ. "ಸರ್ಪಸುತ್ತು ಮಾರಾಯ್ತಿ, ತಲೆ-ಬಾಲ ಕೂಡಲಾಗ" ಅಂದರು ಅತ್ತೆ. (ಒಂದು ನರ ಮೈಯ ಒಂದೇ ಪಕ್ಕಕ್ಕೆ ಹರಿಯೋದು, ಕೂಡೋದು ಎಲ್ಲಿಂದ?) ಮೆಡಿಕಲ್ ಶಾಪಿನವ ಅಸೈಕ್ಲೋವಿರ್ ಅನ್ನೋ ವೈರಸ್ ತಡೆಯೋ ಔಷಧಿಯ ಟ್ಯೂಬ್ ಕೊಟ್ಟ. ಮಾತ್ರೆಗೂ ಟ್ಯೂಬಿಗೂ ಹೆಸರು ಒಂದೇ, ಹಾಗಾದರೆ ನುಂಗೋದ್ಯಾಕೆ ಅನ್ನೋದು ನನ್ನ ಲೆಕ್ಕ.

ಆ ಲೆಕ್ಕವೇ ತಪ್ಪಿದ್ದು. ಗುಳ್ಳೆ ಚರ್ಮದಲ್ಲಿ, ವೈರಸ್ ನರದಲ್ಲಿ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ವೈರಸ್ಸು ಬೆನ್ನುಹುರಿ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಅಡಗಿದ್ದು ನರ ಹಿಡಿದು ಇಳಿದು ಬರುತ್ತೆ. ಹಚ್ಚಿದ್ದು ಅಲ್ಲಿಗೆ ಮುಟ್ಟಲ್ಲ, ನುಂಗಿದ್ದು ಮುಟ್ಟುತ್ತೆ. ವೈರಸ್ಸಿನದೇ ಕಿಣ್ವ ಔಷಧಿಯನ್ನು ಚಾಲೂ ಮಾಡುತ್ತೆ. ಅದು ವೈರಸ್ಸು ಕಟ್ಟುತ್ತಿರೋ ಡಿಎನ್‌ಎ ಸರಪಳಿಯೊಳಗೆ ಹೊಕ್ಕು ಮುಂದಿನ ಕೊಂಡಿ ಸೇರದ ಹಾಗೆ ಮಾಡುತ್ತೆ. ಸೋಂಕಿಲ್ಲದ ಕೋಶದಲ್ಲಿ ಆ ಕಿಣ್ವ ಇಲ್ಲ, ಹಾಗಾಗಿ ಅದಕ್ಕೆ ಅಷ್ಟು ತೊಂದರೆಯಿಲ್ಲ. ಆದರೆ ಈಗಾಗಲೇ ಹುಟ್ಟಿದ್ದನ್ನು ಔಷಧಿ ಕೊಲ್ಲಲ್ಲ, ಹೊಸದು ಹುಟ್ಟದಂತೆ ತಡೆಯುತ್ತೆ ಅಷ್ಟೇ. ಅದಕ್ಕೇ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾಗಬೇಕು ಅನ್ನೋದು. ನನ್ನ ಆ ಗಂಟೆಗಳೆಲ್ಲ ಟ್ಯೂಬ್ ಹಿಂಡೋದರಲ್ಲೇ ಹೋದವು.

ಗುಳ್ಳೆ ಒಣಗಿತು, ಉರಿ ಉಳಿಯಿತು. ಬ್ಲೌಸ್ ತಾಗಿದರೂ ಬೆಂಕಿ, ಮುಂದಿನ ಅಡಿಕೆ ಕೊಯ್ಲಿನ ತನಕ. ಬೇಗ ನುಂಗಿದ್ದರೆ ಆ ಉರಿ ಬರುತ್ತಲೇ ಇರಲಿಲ್ಲ ಅಂತ ಡಾಕ್ಟರೂ ಹೇಳಲಿಲ್ಲ. ಗುಳ್ಳೆ ಬೇಗ ಆರಿ, ಆಗಿನ ನೋವಾದರೂ ಕಮ್ಮಿಯಾಗುತ್ತಿತ್ತು ಅಂದರು.

ಹೀಟು ಗೀಟು ಬಿಡಿ, ಕೇಳಬೇಕಾದ್ದು ಕಿಡ್ನಿ ವಿಷಯ. ಈ ಔಷಧಿ ಮೂತ್ರದಲ್ಲಿ ಹೋಗೋದು. ಅಮ್ಮನ ಕಿಡ್ನಿ ಸೋತಿದ್ದರೆ ಡಾಕ್ಟರು ಡೋಸ್ ಇಳಿಸಬೇಕು. ನೀರು ಚೆನ್ನಾಗಿ ಕುಡಿಸಿ. ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲ, ಏಳು ದಿನ ಅನ್ನೋದು ಮಾಮೂಲು ಲೆಕ್ಕ. ವಯಸ್ಸಾದವರು ಹೊತ್ತು ಮರೆಯುತ್ತಾರೆ, ಮೈಯೊಳಗೆ ಹೋಗಿ ಅಸೈಕ್ಲೋವಿರ್ರೇ ಆಗೋ ವ್ಯಾಲಸೈಕ್ಲೋವಿರ್ ಮಾತ್ರೆ ಆದರೆ ಮೂರೇ ಹೊತ್ತು, ಬರೆದುಕೊಡುತ್ತಾರಾ ಕೇಳಿ. ಕಣ್ಣ ಸುತ್ತ, ಮೂಗಿನ ತುದಿಗೆ ಗುಳ್ಳೆ ಇದ್ದರೆ ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಂತ್ರ ಹಾಕಿಸೋದಿದ್ದರೆ ಹಾಕಿಸಿ, ನಾನು ಬೇಡ ಅನ್ನಲ್ಲ. ಮೊದಲ ಮಾತ್ರೆ ನುಂಗಿಸಿ ಹೊರಡಿ.