ಲಡಾಖ್‌ನಂಥ ಎತ್ತರದ ಜಾಗದಲ್ಲಿ ಸಣ್ಣ ಸೇತುವೆಗೂ ವರ್ಷಗಟ್ಟಲೆ ಯಾಕೆ ಬೇಕು? ಬೆಟ್ಟ ಹಾಳಾಗೋದಿಲ್ವಾ?

ವಿಜಯಪುರದವರು ನೀವು, ಕೇಳಿದ್ದು ಇಷ್ಟು: ಕೊರ್ತಿ-ಕೊಲ್ಹಾರದ ಹತ್ತಿರ ಕೃಷ್ಣೆಗೆ ಅಷ್ಟುದ್ದ ಸೇತುವೆ ಕಟ್ಟುತ್ತಾರೆ, ಲಡಾಖ್‌ನಲ್ಲಿ ನಲವತ್ತು ಮೀಟರಿನ ಸೇತುವೆಗೆ ಎರಡು-ಮೂರು ವರ್ಷ ಯಾಕೆ? ಅಂಥ ಸೂಕ್ಷ್ಮ ಜಾಗದಲ್ಲಿ ಕಟ್ಟೋದೇ ತಪ್ಪಲ್ವಾ? ನಿಮ್ಮ ತಮ್ಮನಿಗೆ ಅಲ್ಲಿ ಸೈಟ್ ಕೆಲಸ ಸಿಕ್ಕಿದೆ, ಕಳಿಸಬೇಕೋ ಬೇಡವೋ ಅಂತಲೂ ಬರೆದಿದ್ದೀರಿ.

ನಾನು ಬಾಗಲಕೋಟೆಯವನು, ಡಿಪ್ಲೊಮಾ ಸಿವಿಲ್. ಒಬ್ಬ ಗುತ್ತಿಗೆದಾರರ ಕೈಕೆಳಗೆ ಮೂರು ಸೀಸನ್ ಲೇಹ್‌ನ ಆಚೆ ಇದ್ದೆ. ಸೈಟು ಸುಮಾರು 14,000 ಅಡಿ ಎತ್ತರದಲ್ಲಿತ್ತು. ಮೂರು ವರ್ಷ ಅನ್ನದೆ ಮೂರು ಸೀಸನ್ ಅಂದೆ ನೋಡಿ, ಮೊದಲ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಮೇ ಕೊನೆಗೆ ಕೆಲಸ ಶುರು, ಅಕ್ಟೋಬರ್ ಬಂತಂದರೆ ಕಾಂಕ್ರೀಟ್ ಬಂದ್. ಎರಡು ವರ್ಷ ಅಂತ ಪೇಪರಿನಲ್ಲಿ ಬರೋದು ಲೆಕ್ಕ ಹಾಕಿದರೆ ಒಂಬತ್ತು-ಹತ್ತು ತಿಂಗಳ ಕೆಲಸ. ಅದರಲ್ಲೂ ಹೊಸದಾಗಿ ಬಂದವರನ್ನು ಮೊದಲ ಕೆಲವು ದಿನ ಸುಮ್ನೆ ಕೂರಿಸಬೇಕು, ಮೈಗೆ ಹವೆ ಒಗ್ಗಲಿ ಅಂತ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಶೇ. 60ರಷ್ಟು ಮಾತ್ರ. ಮನುಷ್ಯರಷ್ಟೇ ಅಲ್ಲ, ಜೆಸಿಬಿ ಕೂಡ ಏದುಸಿರು ಬಿಡುತ್ತದೆ.

ಆದರೆ ನಿಜವಾಗಿ ಕೈ ಕಟ್ಟಿಹಾಕೋದು ಚಳಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಸ್ಲ್ಯಾಬ್ ಹಾಕಿದ ಮರುದಿನ ಏನು ಮಾಡ್ತೀವಿ? ಗೋಣಿಚೀಲ ಹೊದಿಸಿ ನೀರು ಹೊಡೀತೀವಿ. ಅಲ್ಲಿ ಹಾಗೆ ನೀರು ಹೊಡೆದರೆ ಕೆಲಸ ಕೆಟ್ಟಿತು. ತಾಪಮಾನ 5 ಡಿಗ್ರಿಗಿಂತ ಕೆಳಗೆ ಹೋದರೆ ಸಿಮೆಂಟ್ ಗಟ್ಟಿಯಾಗೋದು ತುಂಬಾ ನಿಧಾನ. ಸೊನ್ನೆಗಿಂತ ಕೆಳಗೆ ಇಳಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಶೇ. 9ರಷ್ಟು ಉಬ್ಬುತ್ತದೆ, ಹಸಿ ಕಾಂಕ್ರೀಟನ್ನು ಒಳಗಿನಿಂದಲೇ ಸಡಿಲ ಮಾಡುತ್ತದೆ. ಮೊದಲ ರಾತ್ರಿಯೇ ಹಾಗಾದರೆ ಆಮೇಲೆ ಏನು ಉಪಚಾರ ಮಾಡಿದರೂ ಪೂರ್ತಿ ಬಲ ಬರೋದಿಲ್ಲ. ಅದಕ್ಕೇ ನೀರು ಕಾಯಿಸಿ ಹಾಕಬೇಕು, ಉಸುಕು-ಖಡಿಯನ್ನೂ ಬೆಚ್ಚಗಿಡಬೇಕು. ಹಾಕಿದ ಮೇಲೆ ಬಾಣಂತಿಗೆ ಹೊದಿಸಿದ ಹಾಗೆ ಹೊದಿಸಿ ಕಾಯಬೇಕು.

ಈ ಪಾಠ ನಾನು ಪೆಟ್ಟು ತಿಂದೇ ಕಲಿತೆ. ಎರಡನೇ ಸೀಸನ್ನಿನ ಕೊನೆ. ದಡದಲ್ಲಿ ಗರ್ಡರ್, ಅಂದರೆ ಸೇತುವೆಯ ಉದ್ದನೆ ತೊಲೆ, ಹೊರುವ ಗೋಡೆ ಇರುತ್ತಲ್ಲ, ಅಬಟ್‌ಮೆಂಟ್, ಅದರ ಮೇಲಿನ ಕ್ಯಾಪ್ ಹಾಕಿದ್ದೆವು. ಸುತ್ತ ತಾಡಪತ್ರಿ, ಒಳಗೆ ಎರಡು ಬುಖಾರಿ, ಅಂದರೆ ಬೆಚ್ಚಗಿಡುವ ಸೀಮೆಎಣ್ಣೆ ಒಲೆ. ರಾತ್ರಿ ಕಾವಲು ನಂದು. ಎರಡು ಗಂಟೆಗೆ ಒಂದು ಸುತ್ತು ನೋಡಿ ಬಂದು ಮಲಗಿದೆ. ಗಾಳಿಗೆ ಹೊಳೆ ಕಡೆಯ ಮೂಲೆಯಲ್ಲಿ ಹಗ್ಗದ ಗಂಟು ಬಿಚ್ಚಿತ್ತು, ಆ ಬದಿಯ ಬುಖಾರಿ ಆರಿತ್ತು. ಬೆಳಿಗ್ಗೆ ನೋಡಿದರೆ ಕಾಂಕ್ರೀಟಿನ ಮೇಲೆ ಯಾರೋ ರಂಗೋಲಿ ಎಳೆದ ಹಾಗೆ ತೆಳ್ಳನೆ ಮಂಜಿನ ಎಳೆಗಳು. ನೋಡೋಕೆ ಚಂದವೇ ಇತ್ತು. ಉಗುರಿನಿಂದ ಕೆರೆದೆ. ಹಳೇ ಸುಣ್ಣದ ಗೋಡೆ ಕೆರೆದ ಹಾಗೆ ಪುಡಿ ಉದುರಿತು. ಆ ಭಾಗ ಪೂರ್ತಿ ಒಡೆದು ತೆಗೆಯಬೇಕಾಯಿತು. ಬ್ರೇಕರ್ ಹಿಡಿದ ಹುಡುಗರು ಹತ್ತು ನಿಮಿಷಕ್ಕೊಮ್ಮೆ ಕೂತು ಉಸಿರು ತಗೋತಿದ್ದರು, ನನ್ನ ಕಡೆ ನೋಡ್ತಿರಲಿಲ್ಲ. ಅಷ್ಟರಲ್ಲಿ ಹಿಮ ಬಿತ್ತು. ಗರ್ಡರ್ ಏರಿಸೋದು ಮುಂದಿನ ಜೂನ್‌ಗೆ ಹೋಯಿತು. ಒಂದು ಗಂಟು ಸಡಿಲಾಗಿದ್ದಕ್ಕೆ ಎಂಟು ತಿಂಗಳು.

ಇನ್ನು ಹೊಳೆ. ನಮ್ಮ ಕೃಷ್ಣೆ ತುಂಬಬೇಕಂದರೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಆಗಬೇಕು, ಕೊಯ್ನಾದಿಂದ ಬಿಡಬೇಕು, ಟಿವಿಯಲ್ಲಿ ಇಷ್ಟು ಕ್ಯೂಸೆಕ್ ಅಂತ ಬರಬೇಕು. ಸಾಮಾನು ಎತ್ತಿಕೊಳ್ಳೋಕೆ ಟೈಮ್ ಸಿಗುತ್ತದೆ. ಅಲ್ಲಿ ಲೆಕ್ಕವೇ ಉಲ್ಟಾ. ಮೋಡ ಕವಿದ ದಿನ ಹೊಳೆ ತಣ್ಣಗಿರುತ್ತದೆ. ಚೆನ್ನಾಗಿ ಬಿಸಿಲು ಬಿದ್ದ ದಿನ ಮೇಲಿನ ಹಿಮ ಕರಗಿ ಸಂಜೆಗೆ ಉಕ್ಕುತ್ತದೆ. ಬೆಳಿಗ್ಗೆ ಮೊಣಕಾಲು ನೀರಲ್ಲಿ ದಾಟಿದ ಜಾಗದಲ್ಲೇ ಐದು ಗಂಟೆಗೆ ಕಲ್ಲುಗುಂಡು ಉರುಳುವ ಸದ್ದು ಕೇಳಿಸುತ್ತದೆ. ಅದಕ್ಕೇ ನೀರಿನ ನಡುವೆ ಪಿಲ್ಲರ್ ಬೇಡ ಅನ್ನೋದು ನನ್ನ ಮೊದಲ ಮಾತು. ಆದಷ್ಟು ದಡದಿಂದ ದಡಕ್ಕೆ ಒಂದೇ ನೆಗೆತಕ್ಕೆ ದಾಟಬೇಕು. ಇದರ ಮೇಲೆ ಹಿಮ ಸರೋವರ ಒಡೆಯುವ ಭಯ ಬೇರೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೋನಾಕ್ ಸರೋವರ ಒಡೆದು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು, ಕೆಳಗಿದ್ದ ಸೇತುವೆಗಳ ಮಾತು ಬಿಡಿ. 2021ರ ಫೆಬ್ರವರಿಯಲ್ಲಿ ಉತ್ತರಾಖಂಡದ ರೈಣಿ ಹತ್ತಿರ ಸೇತುವೆ ಹೋಗಿದ್ದು ಮಳೆಯಿಂದಲ್ಲ. ಮೇಲೆ ಬಂಡೆ, ಮಂಜು ಸೇರಿ ಕುಸಿದು ಬಂದ ಪ್ರವಾಹದಿಂದ.

ಬುಡದ ನೆಲ ಹೇಗಿರುತ್ತೆ ಅಂತ ನಿಮಗೆ ಹೇಳೋದು ಸುಲಭ. ನಮ್ಮ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮನೆ ಗೋಡೆ ಸೀಳುತ್ತದೆ. ಅಲ್ಲಿ ಮಂಜುಗಡ್ಡೆ ಅದೇ ಆಟ ಆಡುತ್ತದೆ. ಮಣ್ಣಿನೊಳಗಿನ ನೀರು ಚಳಿಗಾಲಕ್ಕೆ ಹೆಪ್ಪುಗಟ್ಟಿ ನೆಲ ಮೇಲೇಳುತ್ತದೆ, ಬೇಸಿಗೆಗೆ ಕೂರುತ್ತದೆ. ಬಂಡೆ ಸಿಗೋವರೆಗೆ ಅಗೆಯೋಣ ಅಂದರೆ ಹಿಮನದಿ ತಂದು ಸುರಿದ ಗುಂಡು-ಮರಳಿನ ರಾಶಿ, ಎಷ್ಟು ಆಳಕ್ಕೂ ಅದೇ. ಇದಕ್ಕೆ ಮೈಕ್ರೋಪೈಲ್ ಅಂತ ಒಂದು ದಾರಿ ಇದೆ. ಸಣ್ಣ ವ್ಯಾಸದ ರಂಧ್ರಗಳನ್ನು ಗುಂಡುಕಲ್ಲು ತೂರಿಕೊಂಡೇ ಆಳಕ್ಕೆ ಕೊರೆದು, ಒಳಗೆ ಉಕ್ಕು ಇಳಿಸಿ, ಸಿಮೆಂಟ್ ಹಾಲು ತುಂಬುತ್ತಾರೆ. ಶ್ಯೋಕ್ ನದಿಯ ಕರ್ನಲ್ ಚೇವಾಂಗ್ ರಿಂಚೆನ್ ಸೇತುವೆಗೆ ಮಾಡಿದ್ದು ಹೀಗೇ. ಗಡಿ ರಸ್ತೆ ಸಂಸ್ಥೆಯವರು 14,650 ಅಡಿ ಎತ್ತರದಲ್ಲಿ, 1,400 ಅಡಿ ಉದ್ದದ ಆ ಸೇತುವೆಯನ್ನು 15 ತಿಂಗಳಲ್ಲಿ ಮುಗಿಸಿದರು. 2019ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಅಂದರೆ ಎಲ್ಲಾ ಕಡೆ ವರ್ಷಗಟ್ಟಲೆ ಬೇಕೇಬೇಕು ಅಂತಲ್ಲ. ಅಲ್ಲಿ ಮೇಲ್ಭಾಗ ಬೈಲಿ ಮಾದರಿಯ ಉಕ್ಕು, ತುಂಡು ತುಂಡಾಗಿ ತಂದು ಜೋಡಿಸೋದು. 2024ರಲ್ಲಿ ವಯನಾಡಿನಲ್ಲಿ ಸೇನೆಯವರು 190 ಅಡಿಯದ್ದನ್ನು ಎರಡು ದಿನದೊಳಗೆ ನಿಲ್ಲಿಸಿದ್ದು ನೆನಪಿದೆಯಲ್ಲ, ಅದೇ ಜಾತಿ.

ಬೆಟ್ಟ ಹಾಳಾಗೋದಿಲ್ವಾ ಅಂದಿರಿ. ಆಗುತ್ತೆ, ಆದರೆ ಸೇತುವೆಗಿಂತ ಜಾಸ್ತಿ ಹಾಳು ಮಾಡೋದು ಅದಕ್ಕೆ ಬಂದು ಸೇರುವ ರಸ್ತೆ. ಗುಡ್ಡ ಕಡಿದ ಮಣ್ಣನ್ನು ಹೊಳೆಗೆ ತಳ್ಳಿದರೆ ಡೀಸೆಲ್ ಉಳಿಯುತ್ತದೆ, ಬಿಲ್ಲೂ ಬೇಗ ಆಗುತ್ತದೆ. ಆದರೆ ಪಾತ್ರ ಕಿರಿದಾಗಿ ಮುಂದಿನ ವರ್ಷ ಹೊಳೆ ಎದುರಿನ ದಡ ಕೊರೆಯುತ್ತದೆ. ನಮ್ಮಲ್ಲಿ ಗಾಯ ಆದ ನೆಲದ ಮೇಲೆ ಒಂದು ಮಳೆಗೆ ಹುಲ್ಲು ಬರುತ್ತೆ, ಜಾಲಿ ಏಳುತ್ತೆ. ಅಲ್ಲಿ ಹಿಂದಿನ ವರ್ಷ ನಾನೇ ಓಡಾಡಿದ ಟಿಪ್ಪರಿನ ಚಕ್ರದ ಗುರುತು ಬಂದ ದಿನವೇ ಕಾಣಿಸಿತು, ನಿನ್ನೆ ಮೂಡಿದ ಹಾಗೆ.

ಹೊಳೆ ದಂಡೆಯಲ್ಲಿ ಒಂದಿಷ್ಟು ಹಸಿರು ಜವುಗು ಇತ್ತು. ಮಿಕ್ಸರ್ ಪ್ಲಾಂಟ್ ಅಲ್ಲೇ ಹಾಕೋಣ, ಸಪಾಟು ಜಾಗ, ನೀರೂ ಹತ್ತಿರ ಅಂತ ನಮ್ಮ ಲೆಕ್ಕ. ಮೇಕೆ ಮೇಯಿಸುವ ಅಜ್ಜ ಒಬ್ಬರು, ಅಲ್ಲಿನ ಅಲೆಮಾರಿ ಚಾಂಗ್‌ಪಾ ಜನಾಂಗದವರು, ಬಂದು ಸುಮ್ಮನೆ ಅಲ್ಲಿ ಕೂತರು. ಬಯ್ಯಲಿಲ್ಲ. ಬೇರೆಲ್ಲ ಕಲ್ಲು, ಮೇವು ಇರೋದು ಇಷ್ಟೇ ಅಂತ ಹರಕು ಹಿಂದಿಯಲ್ಲಿ ಹೇಳಿದರು. ಕಪ್ಪು ಕತ್ತಿನ ಕೊಕ್ಕರೆ ಗೂಡು ಕಟ್ಟೋದೂ ಅಂಥ ಜವುಗಿನಲ್ಲೇ. ಮಿಕ್ಸರ್ ತೊಳೆದ ಸಿಮೆಂಟ್ ನೀರು ಅದಕ್ಕೆ ಹರಿದಿದ್ದರೆ ಮುಗಿಯಿತು. ಪ್ಲಾಂಟನ್ನು ಮೇಲಿನ ಕಲ್ಲುಹಾಸಿಗೆ ಒಯ್ದೆವು, ತೊಳೆದ ನೀರಿಗೆ ಗುಂಡಿ ತೋಡಿದೆವು. ಪೈಪಿನ ಖರ್ಚಿಗೆ ಗುತ್ತಿಗೆದಾರರು ಗೊಣಗಿದರು, ಅದು ಬೇರೆ ಮಾತು.

ಇನ್ನೊಂದು ಮಾತು. ನೆಲ ಉಳಿಸೋಕೇ ಸೇತುವೆ ಕಟ್ಟಿದ್ದೂ ಉಂಟು. 2006ರಲ್ಲಿ ಶುರುವಾದ ಚೀನಾದ ಛಿಂಗ್‌ಹಾಯ್-ಟಿಬೆಟ್ ರೈಲು ಮಾರ್ಗದಲ್ಲಿ 11.7 ಕಿ.ಮೀ. ಉದ್ದದ ಸೇತುವೆ ಇದೆ. ಅಷ್ಟು ಉದ್ದ ದಾಟೋದು ನದಿಯನ್ನಲ್ಲ, ಸದಾ ಹೆಪ್ಪುಗಟ್ಟಿದ ನೆಲವನ್ನು. ಹಳಿಯ ಏರಿ ಹಾಕಿ ಆ ನೆಲ ಕರಗೋದು ಬೇಡ ಅಂತ ಮೇಲಿಂದಲೇ ಹೋಗಿದ್ದಾರೆ. ಕೆಳಗೆ ಅಲ್ಲಿನ ಜಿಂಕೆಗಳೂ ಓಡಾಡುತ್ತವೆ.

ತಮ್ಮನ ವಿಷಯ: ಕಳಿಸಿ. ಬಿಪಿ, ಉಬ್ಬಸ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಲೇಹ್‌ಗೆ ವಿಮಾನದಲ್ಲಿ ಇಳಿದ ದಿನವೇ ಮೈ ಚೆನ್ನಾಗಿದೆ ಅಂತ ಓಡಾಡಬಾರದು. ತಲೆನೋವು ಜಾಸ್ತಿಯಾದರೆ ಮುಚ್ಚಿಡಬಾರದು, ಕೆಳಗೆ ಇಳೀಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ ಜಾಸ್ತಿನೇ ಕಟ್ಟಿಕೊಡಿ, ಆ ಒಣ ಹವೆಗೆ ರೊಟ್ಟಿ ಬೂಸ್ಟು ಹಿಡಿಯೋದಿಲ್ಲ. ಸಣ್ಣದೊಂದು ಕುಕ್ಕರೂ ಇರಲಿ. ನೀರು 86 ಡಿಗ್ರಿಗೇ ಕುದಿಯುತ್ತದೆ. ನಾನು ಮೊದಲ ವಾರ ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟು ಎರಡೂವರೆ ತಾಸು ಕೂತಿದ್ದೆ, ಕೊನೆಗೂ ಕಟುಕಟು ಅಂತಲೇ ತಿಂದೆ.