‘ಅನುಕೂಲ ಆದಾಗ ಕೊಡಿ’ ಅನ್ನುವುದನ್ನು ಬಿಡಿ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮರುವಾರ ಬರೆದ ಪತ್ರದ ಮುಖ್ಯ ಭಾಗವಿದು. ಹೆಸರು ಹಾಕಬೇಡಿ ಎಂದಿದ್ದಾರೆ.

“ಐದು ವರ್ಷದಿಂದ ಅಡಿಕೆ ಹಾಳೆ ತಟ್ಟೆ ಮಾಡುತ್ತಿದ್ದೇನೆ. ಎರಡು ಮೆಷಿನ್ ಇವೆ, ಮೂವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬರು ಕಳೆದ ಮಾರ್ಚ್ ಮೊದಲ ವಾರ ತರಿಸಿಕೊಂಡ ಮಾಲಿನ 2,10,000 ರೂಪಾಯಿ ಇನ್ನೂ ಕೊಟ್ಟಿಲ್ಲ. ನಮ್ಮ ಯಜಮಾನರ ಕಡೆಯ ಸಂಬಂಧಿಕರೊಬ್ಬರು ಅಡುಗೆ ಕಂಟ್ರಾಕ್ಟ್ ಮಾಡುತ್ತಾರೆ, ಅವರಿಂದ 38,000 ಬರಬೇಕು, ಅದಕ್ಕೆ ಎರಡೂವರೆ ವರ್ಷವಾಯಿತು. ಮನೆಮನೆಯ ಚಿಲ್ಲರೆ ಬಾಕಿ ಬೇರೆ. ಈ ಸಲ ಹಾಳೆ ಕೊಳ್ಳಲು ಬಳೆ ಅಡವಿಟ್ಟೆ. ಕೇಳಿದರೆ ಮನಸ್ತಾಪ, ಕೇಳದಿದ್ದರೆ ಘಟಕ ಮುಚ್ಚಬೇಕು. ಹೇಗೆ ಕೇಳಲಿ? ಪತ್ರದ ಒಕ್ಕಣೆಯನ್ನಾದರೂ ಬರೆದುಕೊಡಿ.”

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನನ್ನ ತಂದೆಯ ನೆನಪಾಯಿತು. ಸಾಗರದಲ್ಲಿ ಅವರದೊಂದು ಸಣ್ಣ ಅಚ್ಚುಕೂಟವಿತ್ತು. ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್‌ನಲ್ಲಿ ಮದುವೆ ಕಾಗದ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಹೊಡೆಯುತ್ತಿದ್ದರು. ಕಾಗದವನ್ನು ನಗದು ಕೊಟ್ಟು ತರಬೇಕಿತ್ತು, ಮುದ್ರಿಸಿದ್ದು ಮಾತ್ರ ಉದ್ರಿ ಹೋಗುತ್ತಿತ್ತು. ಪೊಟ್ಟಣ ಕಟ್ಟಿ ಕೊಡುವಾಗ ಅವರು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದರು: “ಅನುಕೂಲ ಆದಾಗ ಕೊಡಿ.” ಊರಿನ ದೊಡ್ಡ ಮನುಷ್ಯರೊಬ್ಬರು ಮಗಳ ಮದುವೆಗೆ ಸಾವಿರ ಕಾಗದ ಹೊಡೆಸಿದರು. ಆ ಮಗಳ ಮಗು ಶಾಲೆಗೆ ಸೇರುವ ಹೊತ್ತಿಗೂ ಅವರಿಗೆ ಅನುಕೂಲವಾಗಲಿಲ್ಲ. ತಂದೆ ಒಂದು ಸಲವೂ ಅವರ ಮನೆಗೆ ಹೋಗಲಿಲ್ಲ. ಕಡೆಗೆ ಮೆಷಿನ್ ಮಾರಿದ ದಿನ ನಾನು ಬಾಕಿ ಪುಸ್ತಕ ಕೂಡಿಸಿ ನೋಡಿದೆ. ಮೆಷಿನ್‌ಗೆ ಬಂದ ಬೆಲೆಗಿಂತ ಹೆಚ್ಚು ಮೊತ್ತ ಆ ಪುಸ್ತಕದಲ್ಲಿತ್ತು. ಅವರನ್ನು ಎಲ್ಲರೂ ಒಳ್ಳೆಯವರು ಅನ್ನುತ್ತಿದ್ದರು, ನಿಜವಾಗಿ ಒಳ್ಳೆಯವರೇ. ಆದರೆ ಆ ಒಳ್ಳೆಯತನದ ಖರ್ಚನ್ನು ಹೊತ್ತವಳು ನಮ್ಮಮ್ಮ.

ಅದಕ್ಕೇ ನಿಮಗೆ ಮೊದಲು ಹೇಳುವುದು ಇದನ್ನೇ: “ಅನುಕೂಲ ಆದಾಗ” ಎಂಬ ಮಾತನ್ನು ಇವತ್ತಿನಿಂದ ಬಾಯಿಗೆ ತರಬೇಡಿ. ಅದು ನಮ್ಮ ಮಲೆನಾಡಿನ ದಾಕ್ಷಿಣ್ಯದ ಮಾತು, ಗೊತ್ತು. ಆದರೆ ಕೇಳಿಸಿಕೊಂಡವರಿಗೆ ಅದು ‘ನನಗೇನೂ ಅವಸರವಿಲ್ಲ’ ಎಂದೇ ಅರ್ಥವಾಗುತ್ತದೆ. ನಿಮಗೆ ಅವಸರವಿದೆ. ಹಾಳೆ ಬೀಳುವುದು ಬೇಸಿಗೆಯಲ್ಲಿ. ಮುಂಗಾರು ಹಿಡಿಯುವ ಮೊದಲು ಕೊಂಡು, ಒಣಗಿಸಿ, ಅಟ್ಟಕ್ಕೆ ಏರಿಸದಿದ್ದರೆ ಬೂಷ್ಟು ಹಿಡಿದು ಹಾಳಾಗುತ್ತದೆ. ವರ್ಷವಿಡೀ ಮೆಷಿನ್ ಓಡಬೇಕಾದರೆ ಈ ನಾಲ್ಕು ತಿಂಗಳಲ್ಲಿ ಕೈಯಲ್ಲಿ ನಗದಿರಬೇಕು. ಹಾಳೆ ಹೆಕ್ಕಿ ತರುವವರು ನಿಮಗೆ ಉದ್ರಿ ಕೊಡುವುದಿಲ್ಲ, ಕೊಡುವಷ್ಟು ಶಕ್ತಿಯೂ ಅವರಿಗಿಲ್ಲ.

ಬಳೆಯ ಲೆಕ್ಕ ನೋಡಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದುಕೊಂಡರೂ 2,10,000ಕ್ಕೆ ತಿಂಗಳಿಗೆ 2,100. ಹತ್ತು ತಿಂಗಳಿಗೆ 21,000. ಬೆಂಗಳೂರಿನವರು ನಿಮ್ಮ ದುಡ್ಡಿನಲ್ಲಿ ವ್ಯಾಪಾರ ಮಾಡುತ್ತಿದ್ದಾರೆ, ಅದರ ಬಡ್ಡಿ ನೀವು ಕಟ್ಟುತ್ತಿದ್ದೀರಿ. ಹೀಗಿರುವಾಗ ಸಂಕೋಚ ಪಡಬೇಕಾದವರು ನೀವಲ್ಲ.

ಮೊದಲು ಸಂಬಂಧಿಕರ ವಿಷಯ. ನಿಮಗೆ ಹೆಚ್ಚು ಕಷ್ಟವಾಗಿರುವುದು ಅದೇ ಎಂದು ನನಗನ್ನಿಸಿತು. ನಮ್ಮ ಕಡೆ ತೋಟದವರು ಸಾಮಾನ್ಯವಾಗಿ “ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ” ಅನ್ನುತ್ತಾರೆ, ಅದರಲ್ಲಿ ಸತ್ಯವಿದೆ. ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವವರೆಗೆ ಅವರ ಕೈಯಲ್ಲೂ ಓಡಾಡುವ ದುಡ್ಡಿರುವುದಿಲ್ಲ. ಕೊಳೆರೋಗ ಬಂದ ವರ್ಷ ಅದೂ ಇಲ್ಲ. ಅಂಥವರಿಗೆ ಕಾಯಬೇಕು, ನಾನೂ ಕಾಯುತ್ತೇನೆ. ಆದರೆ ಅಡುಗೆ ಕಂಟ್ರಾಕ್ಟಿನವರ ವ್ಯವಹಾರ ಹಾಗಲ್ಲ. ಮದುವೆ ಮನೆಯವರಿಂದ ಮುಂಗಡ ಮೊದಲೇ ಬಂದಿರುತ್ತದೆ, ಉಳಿದದ್ದು ಊಟ ಮುಗಿಯುವಾಗ ಕೈಸೇರುತ್ತದೆ. ಆ ದುಡ್ಡಿನಲ್ಲಿ ತರಕಾರಿಯವನಿಗೆ, ಹಾಲಿನವನಿಗೆ, ಬಡಿಸುವ ಹುಡುಗರಿಗೆ ಅವತ್ತೇ ಬಟವಾಡೆ. ತಟ್ಟೆ ಕೊಟ್ಟವರಿಗೆ ಮಾತ್ರ ಎರಡೂವರೆ ವರ್ಷ ಯಾಕೆ? ತರಕಾರಿಯವನು ಎದುರಿಗೆ ನಿಂತು ಕೇಳುತ್ತಾನೆ, ನೀವು ಕೇಳುವುದಿಲ್ಲ. ಬೇರೆ ಕಾರಣ ಹುಡುಕಬೇಕಿಲ್ಲ.

ಫೋನಿನಲ್ಲಿ ಬೇಡ, ಮದುವೆ ಮುಂಜಿಯಲ್ಲಿ ಸಿಕ್ಕಾಗ ನಾಲ್ಕು ಜನರ ಎದುರಂತೂ ಬೇಡವೇ ಬೇಡ. ಅವರ ಮನೆಗೆ ಹೋಗಿ, ಬಿಲ್ಲಿನ ಪ್ರತಿ ಕೈಯಲ್ಲಿರಲಿ. ಆಸರಿಗೆ ಕುಡಿದಾದ ಮೇಲೆ ಸುತ್ತಿ ಬಳಸದೆ ಹೀಗೆ ಹೇಳಿ: “ಭಾವ, ಈ ತಿಂಗಳು ಹಾಳೆ ತಗೋಬೇಕು. ನಿಮ್ಮಿಂದ ಮೂವತ್ತೆಂಟು ಸಾವಿರ ಬರ್ಬೇಕಲ್ಲ, ಹದಿನೈದನೇ ತಾರೀಕಿಗೆ ಎಷ್ಟು ಕೊಡ್ತೀರಿ? ಉಳಿದದ್ದು ಯಾವತ್ತು?” ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ಅಸಹನೀಯವಾಗಿರುತ್ತದೆ, ‘ಪರವಾಗಿಲ್ಲ, ನೋಡಿ’ ಎಂದು ತುಂಬಿಸಲು ಹೋಗಬೇಡಿ. ಅವರೇ ಒಂದು ತಾರೀಕು ಹೇಳಲಿ. ಮೂರು ಕಂತು ಅಂದರೂ ಒಪ್ಪಿಕೊಳ್ಳಿ.

ಆಮೇಲೆ ಇನ್ನೊಂದು ಕೆಲಸ ತಪ್ಪದೆ ಮಾಡಿ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಟ್ಟಿರುವುದು ಮೂರು ವರ್ಷ. ನಿಮಗೆ ಉಳಿದಿರುವುದು ಆರೇ ತಿಂಗಳು. ಆ ಅವಧಿಯೊಳಗೆ ‘ಇಷ್ಟು ಬಾಕಿ ಕೊಡಬೇಕಾದ್ದು ನಿಜ’ ಎಂದು ಅವರು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಬಾಕಿ ಪುಸ್ತಕದಲ್ಲಿ ಅವರ ಪುಟ ತೆಗೆದು, “ಲೆಕ್ಕ ಸರಿ ಇದೆಯಾ ನೋಡಿ, ಒಂದು ಸಹಿ ಹಾಕಿ ತಾರೀಕು ಬರೀರಿ ಭಾವ” ಅನ್ನಿ. ಕೋರ್ಟಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ, ಹಕ್ಕನ್ನು ಕಳೆದುಕೊಳ್ಳಬೇಡಿ ಎನ್ನುತ್ತಿದ್ದೇನೆ. ಅವರು ಪೂರ್ತಿ ಕೈ ಎತ್ತಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಡಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ, ಶುಲ್ಕವಿಲ್ಲ, ಅಲ್ಲಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಮ್ಮೂರುಗಳ ಹೆಣ್ಣುಮಕ್ಕಳಲ್ಲಿ ಇದು ಗೊತ್ತಿರುವವರು ಎಷ್ಟು ಮಂದಿಯೋ.

ಮನೆಗಳ ಚಿಲ್ಲರೆ ಬಾಕಿಗೆ ಇಷ್ಟೆಲ್ಲ ಬೇಡ. ತಿಂಗಳಿಗೊಂದು ಭಾನುವಾರ ಅದಕ್ಕೇ ಇಟ್ಟುಕೊಂಡು ಹೋಗಿ ಬನ್ನಿ. ಬಾರದ್ದನ್ನು ಬಿಟ್ಟು, ಅಲ್ಲಿ ಮುಂದೆ ನಗದು ವ್ಯವಹಾರ ಮಾತ್ರ ಮಾಡಿ.

ಇನ್ನು ಬೆಂಗಳೂರಿನ ವ್ಯಾಪಾರಿ. ಇಲ್ಲಿ ನೀವು ಅಂದುಕೊಂಡಷ್ಟು ಬಡವರಲ್ಲ. ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಸಾಲ ತೆಗೆಯುವಾಗ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದೇ ನಿಮ್ಮ ಬಲ. ಮಾಲು ಕಳಿಸುವುದಕ್ಕೆ ಮೊದಲೇ ನೋಂದಣಿ ಆಗಿರುವುದರಿಂದ ತಕರಾರಿಗೂ ಎಡೆಯಿಲ್ಲ. (ಇನ್ನೂ ಮಾಡಿಸದ ಓದುಗರಿದ್ದರೆ ಇವತ್ತೇ ಮಾಡಿಸಿ. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ.) 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಿಮ್ಮಂಥ ತಯಾರಕರಿಂದ ಮಾಲು ಕೊಂಡವರು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ ವಾಯಿದೆ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದುಕೊಂಡರೆ ಬಡ್ಡಿ ಶೇ. 18. ನಿಮ್ಮ 2,10,000ಕ್ಕೆ ಹತ್ತು ತಿಂಗಳಲ್ಲಿ ಸುಮಾರು 33,700 ರೂಪಾಯಿ. ಅಷ್ಟೂ ಬಡ್ಡಿ ವಸೂಲಾಗುತ್ತದೆ ಎಂದು ಆಸೆ ಹುಟ್ಟಿಸುತ್ತಿಲ್ಲ. ಆದರೆ ಅಸಲು ಕೇಳುವಾಗ ಆ ಅಂಕಿ ಪತ್ರದಲ್ಲಿ ಇರಬೇಕು.

ಅದಕ್ಕಿಂತ ಬೇಗ ತಟ್ಟುವ ಮಾತು ಇನ್ನೊಂದಿದೆ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಬಂದ, 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಆ 15 ಅಥವಾ 45 ದಿನದೊಳಗೆ ಕೊಡದ ಹಣವನ್ನು ಕೊಂಡವರು ಖರ್ಚೆಂದು ತೋರಿಸಬಹುದಾದದ್ದು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ. ಅಂದರೆ ಮಾರ್ಚ್ 31ರೊಳಗೆ ನಿಮಗೆ ಕೊಡದಿದ್ದರೆ ಅವರಿಗೆ ಈ ವರ್ಷವೂ ಆ 2,10,000ದ ರಿಯಾಯಿತಿ ಸಿಗುವುದಿಲ್ಲ. ಫೆಬ್ರುವರಿಯಲ್ಲಿ ಪತ್ರ ಹೋದರೆ ಅವರ ಆಡಿಟರ್ ಕಣ್ಣಿಗೆ ಬೀಳುವ ಕಾಲ ಅದೇ. ನಿಮ್ಮ ಹಾಳೆಯ ಕಾಲವೂ ಅದೇ.

ಪತ್ರಕ್ಕೂ ಬಗ್ಗದಿದ್ದರೆ ಸಣ್ಣ ಉದ್ಯಮಗಳ ಬಾಕಿ ದೂರುಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ದೂರು ಹೋಗುವುದು ಇಂಥ ಬಾಕಿ ವ್ಯಾಜ್ಯ ಬಗೆಹರಿಸಲು ಇರುವ, ಮಾಲು ಮಾರಿದವರ ಪ್ರದೇಶದ ಮಂಡಳಿಗೆ, ನೀವು ಬೆಂಗಳೂರಿನ ಕೋರ್ಟಿಗೆ ಅಲೆಯಬೇಕಿಲ್ಲ. ಮೊದಲು ರಾಜಿಗೆ ಕರೆಯುತ್ತಾರೆ, ಆಗದಿದ್ದರೆ ಪಂಚಾಯ್ತಿಕೆ ತೀರ್ಪು. ಅದನ್ನು ಪ್ರಶ್ನಿಸಬೇಕಾದರೆ ಕೊಂಡವರು ತೀರ್ಪಿನ ಮೊತ್ತದ ಶೇ. 75 ಠೇವಣಿ ಇಡಬೇಕು. ಕಾಯ್ದೆಯಲ್ಲಿ 90 ದಿನ ಎಂದಿದ್ದರೂ ಅಷ್ಟರಲ್ಲೇ ಮುಗಿಯುತ್ತದೆ ಎಂದು ನಂಬಿ ಕೂರಬೇಡಿ. ಅರ್ಜಿ ಹಾಕಲು ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಬೆಂಗಳೂರಿನವರು ಕೊಟ್ಟು, “ನಾನು ಹೇಳಿದಾಗ ಹಾಕಿ” ಎಂದ ಚೆಕ್ಕನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೀರಂತೆ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಕಿನಿಂದ ಮೂರೇ ತಿಂಗಳು. ಆ ಮೂರು ತಿಂಗಳು ದಾಟಿಲ್ಲದಿದ್ದರೆ ನಾಳೆಯೇ ಬ್ಯಾಂಕಿಗೆ ಹಾಕಿ. ವಾಪಸ್ ಬಂದರೆ, ಬ್ಯಾಂಕು ತಿಳಿಸಿದ 30 ದಿನದೊಳಗೆ ವಕೀಲರ ಮೂಲಕ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಅವರು ಕೊಡದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಹಾಕಬೇಕು.

ಮುಂದಿನ ಮಾಲಿಗೆ ಅರ್ಧ ಮುಂಗಡ, ಹಳೆಯದು ಚುಕ್ತಾ ಆಗದೆ ಹೊಸದು ಇಲ್ಲ. ಬಿಲ್ಲಿನ ಮೇಲೆ ವಾಯಿದೆಯ ತಾರೀಕು, ಉದ್ಯಮ್ ಸಂಖ್ಯೆ ಎರಡೂ ಇರಲಿ. ಲಾರಿ ರಸೀದಿಗಳನ್ನು ಒಂದು ಕಡತದಲ್ಲಿ ಹಾಕಿಡಿ. “ಹೀಗೆ ಮಾಡಿದರೆ ಗಿರಾಕಿ ಬಿಟ್ಟುಹೋಗುತ್ತಾರೆ” ಎಂದು ಹೆದರಿದ್ದೀರಿ. ಹತ್ತು ತಿಂಗಳು ದುಡ್ಡು ಕೊಡದವರನ್ನು ಗಿರಾಕಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ನೀವು ಕೇಳಿದ ಒಕ್ಕಣೆ ಇಲ್ಲಿದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ತೆಗೆದುಕೊಳ್ಳಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

“ಮಾನ್ಯರೇ, ಕಳೆದ ಮಾರ್ಚ್ ತಿಂಗಳ ನಮ್ಮ ಬಿಲ್ಲಿನ ಪ್ರಕಾರ ತಾವು ಪಡೆದ ಅಡಿಕೆ ಹಾಳೆ ತಟ್ಟೆಗಳ ಬಾಬ್ತು 2,10,000 ರೂಪಾಯಿ ಈವರೆಗೆ ಸಂದಾಯವಾಗಿಲ್ಲ. ಬಿಲ್ ಮತ್ತು ಲಾರಿ ರಸೀದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ನಮ್ಮದು ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಘಟಕ. 2006ರ ಕಾಯ್ದೆಯಂತೆ ಕೊಡಬೇಕಾದ ದಿನ ಮೀರಿದೆ, ಬಡ್ಡಿ ಬೆಳೆಯುತ್ತಿದೆ. ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಅಸಲು ಪೂರ್ತಿ ನಮ್ಮ ಖಾತೆಗೆ ಬಂದರೆ ಬಡ್ಡಿಯನ್ನು ಬಿಟ್ಟುಕೊಡಲು ಸಿದ್ಧಳಿದ್ದೇನೆ. ಬಾರದಿದ್ದರೆ ಬಡ್ಡಿ ಸಹಿತ ಸಣ್ಣ ಉದ್ಯಮಗಳ ಸರ್ಕಾರಿ ದೂರು ಪೋರ್ಟಲ್‌ನಲ್ಲಿ ದೂರು ಸಲ್ಲಿಸುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಇದೇ ಅವಧಿಯೊಳಗೆ ಲಿಖಿತವಾಗಿ ತಿಳಿಸಿ.”

ಕೆಳಗೆ ನಿಮ್ಮ ಸಹಿ, ಪಕ್ಕದಲ್ಲಿ ‘ಮಾಲೀಕರು’ ಎಂದು ಬರೆಯಿರಿ.

— ಸಂಪಾದಕ